ಮೂರು ಪ್ರತಿ

ಇಂಗ್ಲಿಷಿನ ಉದ್ದ ಪದಗಳಿಗೆ ಬಾಲದಲ್ಲೊಂದು ಲಿ.
ಬೀದರ ಕಚೇರಿಯ ಹಿಂದೆ, ಬೇವಿನ ನೆರಳಲ್ಲಿ,
ಕಾಲು ಕುಂಟುವ ಮೇಜಿನ ಮೇಲೆ ಟೈಪ್ ಮಿಷಿನ್ ಇಟ್ಟು
ಇಪ್ಪತ್ತಾರು ವರ್ಷ ಕುಟ್ಟಿದ್ದೇನೆ ಈ ಲಿಗಳನ್ನು:
ರೆಸ್ಪೆಕ್ಟ್‌ಫುಲಿ, ಸಾಲೆಮ್ಲಿ, ಅನ್‌ಫಾರ್ಚುನೇಟ್ಲಿ.

ಕಕ್ಷಿದಾರರಿಲ್ಲದ ಮಧ್ಯಾಹ್ನಗಳಲ್ಲಿ ನನ್ನದೊಂದು ಖಯಾಲಿ,
ಇವಕ್ಕೆ ಪ್ರಾಸ ಹುಡುಕುವುದು.

ಸಾಲಿಯ ಮಾಸ್ತರು ಕಲಿಸಿದ ಲೆಕ್ಕ ಬೇರೆ:
ಪ್ರಾಸವೆಂದರೆ ಸಾಲಿನ ತಲೆಯಲ್ಲಿ, ಎರಡನೆಯ ಅಕ್ಷರ.
ಇಮ್ಮೀಡಿಯೇಟ್ಲಿ ಬಂತೋ, ಮುಂದಿನ ಸಾಲಿಗೆ
ಅಮ್ಮ ಬರಬೇಕು, ಕೆಮ್ಮು ಬರಬೇಕು,
ಸುಮ್ಮನೆ ಬಂದರೂ ನಡೆದೀತು.

ಮಿಷಿನ್ ರಿಪೇರಿಯ ಸಮದ್ ಚಾಚಾ ಒಪ್ಪುವುದಿಲ್ಲ.
ರಿಬ್ಬನ್ನಿನ ಮಸಿ ಹತ್ತಿದ ಬೆರಳಲ್ಲೇ ಬೀಡಿ ಹಿಡಿದು,
"ಕಾಫಿಯಾ ಬಾಲದಾಗ ಇರತದ, ಭಾಯಿ.
ಗಲೀ, ಕಲೀ, ಬಿಜಲೀ. ನೂರು ಕೊಡಲೇನು?"

"ಅವು ಮೇಕೆಮರಿ, ಚಾಚಾ.
ಅನ್‌ಕಂಡಿಷನಲಿ ಆರಕ್ಷರದ ಒಂಟೆ.
ಎರಡಕ್ಷರವಾದರೂ ತಾಳೆಯಾಗಬೇಕು."

ಸೈಮಲ್ಟೇನಿಯಸ್ಲಿಗೆ ಪ್ರಾಸ ತಂದವನಿಗೆ
ಸೋತವನು ಚಹಾ ಕುಡಿಸಬೇಕೆಂದು ಪಂದ್ಯ.
ಎಂಟು ತಿಂಗಳಾಯಿತು, ಯಾರೂ ಕುಡಿದಿರಲಿಲ್ಲ.
ಒಂದು ದಿನ ಚಾಚಾ ಸ್ಕ್ರೂಡ್ರೈವರ್ ಎತ್ತಿ "ಮೊಸಳಿ!" ಎಂದರು.
ಲ ಬೇರೆ, ಳ ಬೇರೆ ಎಂದೆ.
"ನಮ್ಮ ಉರ್ದೂದಾಗ ಳ ಇಲ್ಲೇ ಇಲ್ಲ. ಚಹಾ ತರಸು."
ತರಿಸಲಿಲ್ಲ.

ಮರುವಾರ, ಮಂಗಳವಾರ, ಜನವಾಡಾದಿಂದ ಬಂದಳು ಇಂದ್ರಾಬಾಯಿ,
ಹಿಂದೆ ಇಬ್ಬರು ತಮ್ಮಂದಿರು, ಕಂಕುಳಲ್ಲಿ ಫೈಲು.
ಊರ ಪಡುವಣದ ಆರೆಕರೆ ಕೆಂಪು ಮಡ್ಡಿ,
ಕೊಳ್ಳುವ ಸೇಠ ಹೈದರಾಬಾದಿನವನು, ಇಂಗ್ಲಿಷೇ ಬೇಕಂತೆ.
ಅಕ್ಕ ತನ್ನ ಹಕ್ಕು ಬಿಟ್ಟುಕೊಡುವ ಕಾಗದ.
ವಕೀಲರ ಕೈಬರಹದಲ್ಲಿ ಸಾಲಾಗಿ ನಿಂತಿದ್ದವು
ವಾಲಂಟರಿಲಿ, ಅನ್‌ಕಂಡಿಷನಲಿ, ಇರ್ರೆವೊಕಬ್ಲಿ.

"ಓದಿ ಹೇಳು ತಮ್ಮಾ."
ಸ್ವಖುಷಿಯಿಂದ, ಯಾವ ಶರತ್ತೂ ಇಲ್ಲದೆ,
ಮತ್ತೆ ತಿರುಗಿ ಕೇಳದ ಹಾಗೆ, ಎಂದು ಹೇಳಿದೆ.
"ಹಂಗಲ್ಲ. ಅದರಾಗ ಹೆಂಗ ಅದ ಹಂಗೇ ಓದು."
ಓದಿದೆ. ಸೆರಗು ಬಾಯಿಗಿಟ್ಟು ನಕ್ಕಳು:
"ಬರೇ ಲೀ ಲೀ ಅಂತದಲ್ಲೋ ಇದು!"

ಮೂರು ಹಾಳೆ, ನಡುವೆ ಎರಡು ಕಾರ್ಬನ್ ಸೇರಿಸಿ ಕೂತೆ.
ಅನ್‌ಕಂಡಿಷನಲಿ ಎಂದು ಕುಟ್ಟುವಾಗ
ತಾನಾಗಿಯೇ ಬಂದು ಕೂತಿತು, ತವರಿನಲಿ.
ಬೆರಳು ತಡೆಯಿತು. ಮತ್ತೆ ಕುಟ್ಟಿದೆ.
ಇರ್ರೆವೊಕಬ್ಲಿ. ಇಷ್ಟು ವರ್ಷ ಸಿಗದ್ದು
ಈಗ ಕರೆಯದೆಯೇ ಬಂತು: ತಬ್ಬಲಿ.
ಚಾಚಾಗೆ ಹೇಳಲಿಲ್ಲ.
ಮೊದಲನೆಯದಕ್ಕೆ ಏನೂ ಹೊಳೆಯಲಿಲ್ಲ.

ಚಿಕ್ಕ ತಮ್ಮ ಮಸಿಡಬ್ಬಿಯ ಮುಚ್ಚಳ ತೆಗೆದ.
ಮೂರು ಹಾಳೆಗೆ ಮೂರು ಹೆಬ್ಬೆಟ್ಟು.
ಒತ್ತಿದ ಮೇಲೆ ಕೇಳಿದ, ಹಾಳೆ ಊದುತ್ತ,
"ಅಕ್ಕಾ, ಖುಷಿ ಅದ ಇಲ್ಲೋ?"
ಆಕೆ ಬೆರಳಿನ ನೀಲಿಯನ್ನು ತಲೆಗೂದಲಿಗೆ ಒರೆಸುತ್ತ
ರಸ್ತೆ ಕಡೆ ನೋಡಿ ಅಂದಳು,
"ಇರಲಿ."

ವಾಲಂಟರಿಲಿ. ಇರಲಿ.
ಒಂದೇ ಒಂದು ಗುಡಿಸಿನ ಕೊರತೆ.
ಚಾಚಾನ ಕೈಯ ಸ್ಕ್ರೂಡ್ರೈವರ್ ನಿಂತಿತ್ತು.
ಶಾಯರಿಯಾಗಿದ್ದರೆ ವಾಹ್ ಅನ್ನುವ ಮನುಷ್ಯ
ಬೀಡಿ ನೆಲಕ್ಕೆ ಒತ್ತಿ ಆರಿಸಿದರು.

ತಮ್ಮಂದಿರು ಸ್ಟಾಂಪಿನ ಕಿಟಕಿಗೆ ಹೋದರು.
ಚಹಾ ಬಂತು, ಮೂರು.
ಯಾರು ತರಿಸಿದ್ದು, ದುಡ್ಡು ಯಾರದು, ಮಾತೇ ಬರಲಿಲ್ಲ.
ಇಂದ್ರಾಬಾಯಿ ಬಸಿಗೆ ಸುರುವಿ, ಊದಿ ಊದಿ ಕುಡಿದು
ಖಾಲಿ ಬಸಿ ನನ್ನ ಮೇಜಿನ ಮೇಲಿಟ್ಟಳು,
ಅಂಚಿನಲ್ಲಿ, ಇನ್ನೂ ಆರದ ನೀಲಿಯಲ್ಲಿ,
ನಾಲ್ಕನೆಯ ಹೆಬ್ಬೆಟ್ಟು.